ಗಂಡಸರಿಗೆ ಹಡಗು, ಹೆಂಗಸರಿಗೆ ನಿಯಮ

ನಮ್ಮ ಹೊನ್ನಾಳಿಯ ಪಕ್ಕದ ತಾಲ್ಲೂಕು ಶಿಕಾರಿಪುರ. ಅಲ್ಲಿನ ಬಳ್ಳಿಗಾವೆಗೆ ಹೋದವರು ಕೇದಾರೇಶ್ವರನನ್ನು ನೋಡಿ, ಅಲ್ಲಮನ ಊರೆಂದು ಮಣ್ಣು ಮುಟ್ಟಿ ಬರುತ್ತೇವೆ. ಅದೇ ಊರಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧವಿಹಾರ ಕಟ್ಟಿಸಿದ. ತಾರಾಭಗವತಿಯ ಪೂಜೆಗೆ, ಅಲ್ಲಿದ್ದ ಯೋಗಿನಿಯರ, ಸನ್ಯಾಸಿಗಳ ಊಟಕ್ಕೆ ದತ್ತಿ ಬಿಟ್ಟ ಶಾಸನವಿದೆ. ಆ ಯೋಗಿನಿಯರು ಭಿಕ್ಖುಣಿಯರೇ ಆಗಿದ್ದರೆಂದು ನಾವು ಹೇಳುತ್ತಿಲ್ಲ. ವಿಹಾರದ ಅನ್ನದಲ್ಲಿ ಹೆಂಗಸರಿಗೂ ಪಾಲಿತ್ತು ಅಂತಷ್ಟೇ ನಮ್ಮ ಮಾತು. ಶಾಲೆಯಲ್ಲಿ ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

ಹೆಣ್ಣು ಭಿಕ್ಖುಣಿಯಾಗುವ ದೀಕ್ಷೆಗೆ ಉಪಸಂಪದಾ ಎನ್ನುತ್ತಾರೆ. ಅದಕ್ಕೆ ಎರಡು ಸಂಘ ಬೇಕು. ಮೊದಲು ಭಿಕ್ಖುಣಿಯರು ಒಪ್ಪಬೇಕು, ಆಮೇಲೆ ಭಿಕ್ಖುಗಳು. ಒಂದು ನಾಡಲ್ಲಿ ಭಿಕ್ಖುಣಿಯರೇ ಇಲ್ಲವಾದರೆ ದೀಕ್ಷೆ ಕೊಡೋರು ಯಾರು? 11ನೇ ಶತಮಾನದಲ್ಲಿ ಚೋಳರ ದಾಳಿಗೆ ಸಿಕ್ಕಿ ಸಿಂಹಳದ ಭಿಕ್ಖುಣಿ ಸಂಘ ಅಳಿಯಿತು. ಸಾಲು ಹರಿಯಿತು, ಇನ್ನು ಮೈತ್ರೇಯ ಬುದ್ಧ ಬರೋವರೆಗೆ ಕಾಯಬೇಕು ಎಂದುಬಿಟ್ಟರು.

ನಿಯಮ ಅಂದರೆ ನಿಯಮ, ಅಲ್ವಾ? ಆದರೆ ಅದೇ ದಾಳಿಯಲ್ಲಿ ಗಂಡಸರ ಸಾಲೂ ಕೆಟ್ಟಿತ್ತು. ಒಂದನೇ ವಿಜಯಬಾಹು ಬರ್ಮಾದಿಂದ ಭಿಕ್ಖುಗಳನ್ನು ಕರೆಸಿ ಅದನ್ನು ಮತ್ತೆ ನಿಲ್ಲಿಸಿದ. ಮುಂದೆ ಮತ್ತೊಮ್ಮೆ ಕೆಟ್ಟಾಗ ಸಯಾಮಿಗೆ ಹೇಳಿಕಳಿಸಿದರು. 1753ರಲ್ಲಿ ಉಪಾಲಿ ಥೇರರು ಸಮುದ್ರ ದಾಟಿ ಬಂದು ಕ್ಯಾಂಡಿಯಲ್ಲಿ ದೀಕ್ಷೆ ಕೊಟ್ಟರು. ಸ್ವಲ್ಪ ವರ್ಷಕ್ಕೇ ಆ ದೀಕ್ಷೆ ಗೊವಿಗಮ ಎಂಬ ಮೇಲ್ಜಾತಿಗೆ ಮಾತ್ರ ಎಂದಾಯಿತು. ಜಾತಿ ಅನ್ನೋದು ಬುದ್ಧನ ಮನೆಯೊಳಗೂ ಚಾಪೆ ಹಾಸಿಕೊಂಡು ಕೂತಿತ್ತು! ಹೊರಗುಳಿದವರು ಸುಮ್ಮನಿರಲಿಲ್ಲ. ಕರಾವಳಿಯ ಸಲಾಗಮ ಜಾತಿಯವರು ತಾವೇ ಬರ್ಮಾದ ಅಮರಪುರಕ್ಕೆ ಹೋಗಿ ದೀಕ್ಷೆ ಪಡೆದು 1803ರಲ್ಲಿ ತಿರುಗಿ ಬಂದರು. ಗಂಡಸರಿಗೆ ಹೀಗೆ ಮೂರು ಸಲ ಹಡಗು ಹೋಗಿ ಬಂತು. ಹೆಂಗಸರ ವಿಷಯ ಬಂದಾಗ ಮಾತ್ರ ವಿನಯಪಿಟಕ ತೆಗೆದು ಓದಿದರು.

ಹಾಗಂತ ಹೆಂಗಸರ ಸಾಲು ಪೂರ್ತಿ ಸತ್ತಿರಲಿಲ್ಲ. 5ನೇ ಶತಮಾನದಲ್ಲೇ ದೇವಸಾರಾ ಮತ್ತು ಸಂಗಡಿಗರು ಸಿಂಹಳದಿಂದ ಚೀನಾಕ್ಕೆ ಹೋಗಿದ್ದರು. 433ರಲ್ಲಿ ಅವರ ಎದುರಿಗೆ ಚೀನಾದ ನೂರಾರು ಹೆಂಗಸರು ಉಪಸಂಪದಾ ಪಡೆದರು. ಚೀನಾ, ಕೊರಿಯಾ, ತೈವಾನಿನಲ್ಲಿ ಹೆಂಗಸರ ಸಂಘ ಉಳಿದುಕೊಂಡಿತು. ಕೊಟ್ಟ ಬೀಜ ತಿರುಗಿ ಕೇಳಿದಂತೆ, 1996ರ ಡಿಸೆಂಬರಿನಲ್ಲಿ ಸಾರನಾಥದಲ್ಲಿ ಸಿಂಹಳದ 10 ಮಂದಿ ಕೊರಿಯಾದ ಭಿಕ್ಖುಣಿಯರ ನೆರವಿನಿಂದ ದೀಕ್ಷೆ ಪಡೆದರು. 1998ರಲ್ಲಿ ಬೋಧಗಯೆಯಲ್ಲಿ ಇನ್ನಷ್ಟು ಮಂದಿ ಪಡೆದರು. ಅದೇ ವರ್ಷ ಸಿಂಹಳದ ದಂಬುಲ್ಲದಲ್ಲೇ ದೀಕ್ಷೆ ಶುರುವಾಯಿತು. ಇದು ಮಹಾಯಾನದ ಬೆರಕೆ ಎಂದು ಹಿರಿಯ ಭಿಕ್ಖುಗಳು ಅನೇಕರು ಒಪ್ಪಲಿಲ್ಲ. ಬೆರಕೆ ಅನ್ನೋ ಮಾತು ನಮ್ಮ ಕೇರಿಗಳಿಗೆ ಹೊಸದಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಮಾಡಿಸಿದಾಗ ಗಂಡಸರಿಗೊಂದು, ಹೆಂಗಸರಿಗೊಂದು ಅಂತ ಬೇರೆ ಮಾಡಲಿಲ್ಲ. ಅದು ಸಂಸಾರಸ್ಥರ ದೀಕ್ಷೆ, ನಿಜ.

ನಮ್ಮ ನಾಡಿನದೇ ಇನ್ನೊಂದು ಸಂಗತಿ ಇದೆ. ಉತ್ತರ ಕನ್ನಡದ ಮುಂಡಗೋಡಿನಲ್ಲಿ ಟಿಬೆಟಿನವರ ದ್ರೆಪುಂಗ್ ಮಠವಿದೆ. 2016ರ ಡಿಸೆಂಬರ್ 22ರಂದು ಅಲ್ಲಿ 20 ಮಂದಿ ಸನ್ಯಾಸಿನಿಯರಿಗೆ ದಲೈ ಲಾಮಾ ಗೆಶೆಮಾ ಪದವಿ ಕೊಟ್ಟರು. ಅದು ಶಾಸ್ತ್ರದ ಓದಿಗೆ ಕೊಡುವ ಅತಿ ದೊಡ್ಡ ಪದವಿ. ಆದರೆ ಟಿಬೆಟಿನಲ್ಲಿ ಭಿಕ್ಷುಣಿಯರ ಸಾಲು ಬೇರೂರಿರಲೇ ಇಲ್ಲ. ಓದಿ ಗೆದ್ದವರಿಗೂ ಉಪಸಂಪದಾದ ಬಾಗಿಲು ಮುಚ್ಚಿಯೇ ಇತ್ತು. 2022ರ ಜೂನ್‌ನಲ್ಲಿ ಭೂತಾನದ ಧರ್ಮಗುರು ಜೆ ಖೆನ್ಪೊ ಅದನ್ನು ತೆಗೆದರು. ಕರೆಸಲು ಭಿಕ್ಷುಣಿಯರು ಇರಲಿಲ್ಲ, ಭಿಕ್ಷುಗಳೇ ಕೂತು 144 ಮಂದಿ ಹೆಂಗಸರಿಗೆ ದೀಕ್ಷೆ ಕೊಟ್ಟರು.