ಕಾಲುದಾರಿಯೂ ಕಬ್ಬಿಣದ ದಾರಿಯೂ

ರೈಲುಮಾರ್ಗಗಳ ಚರಿತ್ರೆಯನ್ನು ಬರೆದವರು ಸೇತುವೆಗಳನ್ನೂ ಸುರಂಗಗಳನ್ನೂ ಎಂಜಿನ್ನುಗಳ ವೇಗವನ್ನೂ ಕುರಿತು ಸವಿಸ್ತಾರವಾಗಿ ಬರೆದಿದ್ದಾರೆ. ಹಳಿಯನ್ನು ಅಡ್ಡಹಾಯ್ದು ಹೊಲಕ್ಕೋ ಸಂತೆಗೋ ಶಾಲೆಗೋ ಹೋಗುವ ಮನುಷ್ಯನಾದರೋ ಆ ಗ್ರಂಥಗಳಲ್ಲಿ ಬಹುಮಟ್ಟಿಗೆ ಅಪಘಾತದ ಪುಟಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಊರಿನಿಂದ ಕೆರೆಗೆ, ಕೆರೆಯಿಂದ ಗದ್ದೆಗೆ ತಲೆಮಾರುಗಳು ನಡೆದು ಸವೆಸಿದ ಹಾದಿ ಮೊದಲೇ ಇದ್ದಿತು. ಕಬ್ಬಿಣದ ಹಾದಿ ಅದನ್ನು ಕತ್ತರಿಸಿಕೊಂಡು ಬಂದದ್ದು ಆಮೇಲೆ. ಹೀಗೆ ಎರಡು ಹಾದಿಗಳು ಒಂದೇ ಮಟ್ಟದಲ್ಲಿ ಸಂಧಿಸುವೆಡೆ ಯಾರು ಕಾಯಬೇಕು, ಯಾರು ಹತ್ತಿ ಇಳಿಯಬೇಕು ಎಂಬ ಪ್ರಶ್ನೆಗೆ ಸುಮಾರು 190 ವರ್ಷಗಳಿಂದ ದೊರೆತಿರುವ ಉತ್ತರಗಳನ್ನು ಕ್ರಮವಾಗಿ ನೋಡುತ್ತ ಹೋದರೆ, ಕಾನೂನಿನ ಕಣ್ಣಿಗೆ ಮೊದಲು ಬಿದ್ದದ್ದು ಗಾಡಿಯೆಂಬುದೂ, ನಡೆಯುವವನು ಬಿದ್ದದ್ದು ಆಮೇಲೆ ಎಂಬುದೂ ವಿಶದವಾಗುತ್ತದೆ.

ಮೊದಲ ಪಾಠವನ್ನು ಕಲಿಸಿದ್ದೂ ಒಂದು ಗಾಡಿಯೇ. ಇಂಗ್ಲೆಂಡಿನ ಲೆಸ್ಟರ್–ಸ್ವಾನಿಂಗ್ಟನ್ ರೈಲುಮಾರ್ಗ 1832ರಲ್ಲಿ ತೆರೆಯಿತು. ಮರುವರ್ಷ ‘ಸ್ಯಾಮ್ಸನ್’ ಎಂಬ ಎಂಜಿನ್ನು, ಬೆಣ್ಣೆ ಮೊಟ್ಟೆಗಳನ್ನು ಹೇರಿಕೊಂಡು ಲೆಸ್ಟರಿನ ಪೇಟೆಗೆ ಹೊರಟಿದ್ದ ಕುದುರೆಗಾಡಿಯೊಂದಕ್ಕೆ ದಾಟುವ ಜಾಗದಲ್ಲಿ ಡಿಕ್ಕಿ ಹೊಡೆಯಿತೆಂದೂ, ಚಾಲಕನು ಊದಿದ ಕೊಂಬಿನ ದನಿ ಗಾಡಿಯವನನ್ನು ಮುಟ್ಟದೆ ಹೋದುದರಿಂದ ಆವಿಯ ಬಲದಿಂದಲೇ ಕೂಗುವ ತುತ್ತೂರಿಯೊಂದನ್ನು ಲೆಸ್ಟರಿನ ವಾದ್ಯತಯಾರಕನೊಬ್ಬನಿಂದ ಮಾಡಿಸಿ ಜಾರ್ಜ್ ಸ್ಟೀಫನ್‌ಸನ್ನನು ಎಂಜಿನ್ನಿಗೆ ತೊಡಿಸಿದನೆಂದೂ ಐತಿಹ್ಯವಿದೆ. ವಿವರಗಳನ್ನು ಕುರಿತು ಚರಿತ್ರಕಾರರಲ್ಲಿ ವಾದಗಳಿದ್ದರೂ, ದಾಟುವವನನ್ನು ಎಚ್ಚರಿಸುವ ಹೊಣೆ ರೈಲಿನದೂ ಹೌದೆಂಬ ಭಾವನೆ ಅಂದಿನದೆಂಬುದರಲ್ಲಿ ಸಂದೇಹವಿಲ್ಲ. ನಮ್ಮಲ್ಲಿ ರೈಲು ಗೇಟನ್ನು ತಲುಪುವುದಕ್ಕೆ ಮುಂಚೆ ಹಳಿಯ ಪಕ್ಕದಲ್ಲಿ ನಿಂತಿರುವ ‘ಸೀ/ಫಾ’ ಎಂಬ ಹಳದಿ ಫಲಕ, ಅಂದರೆ ಸೀಟಿ ಊದಬೇಕೆಂದು ಚಾಲಕನಿಗೆ ಕೊಟ್ಟ ಆಜ್ಞೆ, ಇದೇ ಭಾವನೆಯ ಸಂತಾನ.

ಸದ್ದೊಂದೇ ರಕ್ಷಣೆಗೆ ಸಾಲದೆಂದು ಕಂಡ ಬ್ರಿಟಿಷ್ ಪಾರ್ಲಿಮೆಂಟು, ಹಳಿಯು ರಸ್ತೆಯನ್ನು ದಾಟುವೆಡೆಗಳಲ್ಲಿ ಎರಡು ಬದಿಗೂ ಭದ್ರವಾದ ಗೇಟುಗಳನ್ನಿಟ್ಟು, ಅವನ್ನು ತೆರೆದು ಮುಚ್ಚಲು ಯೋಗ್ಯರಾದ ಆಳುಗಳನ್ನು ನೇಮಿಸಬೇಕೆಂದು 1839ರಲ್ಲಿ ಕಂಪನಿಗಳಿಗೆ ವಿಧಿಸಿತು. ಮೊದಮೊದಲಿನ ಎಷ್ಟೋ ಮಾರ್ಗಗಳಲ್ಲಿ ಗೇಟು ಹಳಿಗೇ ಅಡ್ಡವಾಗಿ ಮುಚ್ಚಿರುತ್ತಿದ್ದು, ರೈಲು ಬರುವ ಹೊತ್ತಿಗೆ ಅದನ್ನು ರಸ್ತೆಗೆ ಅಡ್ಡವಾಗಿ ತಿರುಗಿಸುತ್ತಿದ್ದರು. ರಸ್ತೆಯು ಯಜಮಾನನ ಸ್ಥಾನದಲ್ಲಿಯೂ ರೈಲು ಅತಿಥಿಯ ಸ್ಥಾನದಲ್ಲಿಯೂ ಇದ್ದ ಕಾಲ ಅದು. 1842ರ ಶಾಸನವು ಈ ಸಂಬಂಧವನ್ನು ತಿರುವುಮುರುವು ಮಾಡಿತು. ಇನ್ನು ಮುಂದೆ ಗೇಟು ಸದಾ ರಸ್ತೆಗೆ ಅಡ್ಡವಾಗಿಯೇ ಮುಚ್ಚಿರತಕ್ಕದ್ದು. ಕುದುರೆ, ದನ, ಬಂಡಿ, ಸಾರೋಟುಗಳು ದಾಟಬೇಕಾದಾಗ ಮಾತ್ರ ತೆರೆಯತಕ್ಕದ್ದು. ಈ ಪಟ್ಟಿಯಲ್ಲಿ ಕಾಲುನಡಿಗೆಯವನ ಹೆಸರಿಲ್ಲ. ಅವನ ವಿಚಾರ ಬಂದದ್ದು 1845ರ ಶಾಸನದಲ್ಲಿ: ಹಳಿಯು ಕಾಲುದಾರಿಯನ್ನು ಕತ್ತರಿಸುವೆಡೆ ಹತ್ತಲು ಇಳಿಯಲು ಅನುಕೂಲವಾದ ಇಳಿಜಾರುಗಳನ್ನೂ ಕೈಪಿಡಿಗಂಬಿಗಳನ್ನೂ, ಎರಡೂ ಬದಿಗೆ ಗೇಟನ್ನಾಗಲಿ ತಡಬೆಯನ್ನಾಗಲಿ ಕಂಪನಿಯು ತನ್ನ ಖರ್ಚಿನಿಂದ ಮಾಡಿಸಬೇಕೆಂದಾಯಿತು. ದನವನ್ನು ತಡೆದು ಮನುಷ್ಯನನ್ನು ಬಿಡುವ ಈ ತಡಬೆಯು ನಮ್ಮ ಮಲೆನಾಡಿನ ತೋಟದ ಬೇಲಿಗಳಲ್ಲಿರುವಂಥದೇ. ಅಲ್ಲಿ ಕಾವಲುಗಾರನಿಲ್ಲ, ರೈಲು ಬರುತ್ತಿದೆಯೆ ಎಂದು ನೋಡಿಕೊಳ್ಳುವ ಭಾರವೆಲ್ಲ ದಾಟುವವನ ಕಣ್ಣಿಗೂ ಕಿವಿಗೂ ಸೇರಿದ್ದು.

ಇದೇ ನ್ಯಾಯವು ಹಡಗಿನಲ್ಲಿ ಬಂದ ಹಳಿಗಳೊಡನೆ ನಮ್ಮ ದೇಶಕ್ಕೂ ಬಂದಿತು. ಮದರಾಸು ರೈಲ್ವೆಯ ಮಾರ್ಗ ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ಪ್ರದೇಶಕ್ಕೆ 1864ರಲ್ಲಿ ತಲುಪಿತು. 1876–78ರ ಮಹಾಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ ಮಣ್ಣುಕೆಲಸ ನಡೆದ ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. ಬುಟ್ಟಿಯಲ್ಲಿ ಮಣ್ಣು ಹೊತ್ತು ಆ ಏರಿಯನ್ನು ಎಬ್ಬಿಸಿದ ಹಳ್ಳಿಗರೇ ಮುಂದೆ ಅದನ್ನು ಹತ್ತಿ ಇಳಿದು ತಮ್ಮ ಹೊಲಗಳಿಗೆ ಹೋಗಬೇಕಾಯಿತು. 1890ರ ಭಾರತೀಯ ರೈಲ್ವೆ ಅಧಿನಿಯಮವು ಇಂಥವರನ್ನು ಎರಡು ಬಗೆಯಾಗಿ ನೋಡಿತು. ಒಂದೆಡೆ, ಜಮೀನು ತುಂಡಾದವರಿಗೆ ದಾಟುದಾರಿ, ಕಮಾನು, ಮೋರಿಗಳನ್ನು ಕಟ್ಟಿಸಿಕೊಡಬೇಕೆಂದೂ, ಸಾರ್ವಜನಿಕ ರಸ್ತೆಯನ್ನು ಹಳಿ ದಾಟುವೆಡೆ ಗೇಟು, ಸರಪಳಿ, ಅಡ್ಡಗಂಬಿ, ತಡಬೆ ಇಲ್ಲವೆ ಕೈಪಿಡಿಗಂಬಿಗಳನ್ನು ನಿಲ್ಲಿಸುವಂತೆ ಸರ್ಕಾರವು ಆಜ್ಞಾಪಿಸಬಹುದೆಂದೂ ಹೇಳಿತು. ಇನ್ನೊಂದೆಡೆ, ಗೊತ್ತುಪಡಿಸದ ಜಾಗದಲ್ಲಿ ಹಳಿಯ ಮೇಲೆ ಕಾಲಿಟ್ಟವನನ್ನು ಅತಿಕ್ರಮಿಯೆಂದು ಕರೆದು ದಂಡ ವಿಧಿಸಿತು. ಅಜ್ಜನು ಹಕ್ಕಿನಿಂದ ನಡೆದ ಜಾಡಿನಲ್ಲಿಯೇ ಮೊಮ್ಮಗನು ನಡೆದರೆ ಅಪರಾಧವಾಗುವ ಸ್ಥಿತಿ ಹೀಗೆ ಉಂಟಾಯಿತು. 1989ರ ಅಧಿನಿಯಮದಲ್ಲಿ ಈ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 1000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಕಾವಲಿನ ಗೇಟುಗಳಿದ್ದೆಡೆಯಲ್ಲಿ ಗೇಟ್‌ಮನ್ನನೇ ಈ ವ್ಯವಸ್ಥೆಯ ಪ್ರಾಣ. ಗುಮ್ಟಿಯೆಂಬ ಒಂದು ಕಾವಲುಗೂಡು, ಕೆಂಪು ಹಸಿರು ಬಾವುಟಗಳು, ರಾತ್ರಿಗೆ ಕೈದೀಪ, ಸ್ಟೇಷನ್ನಿನೊಡನೆ ಮಾತಾಡಲು ದೂರವಾಣಿ, ಇಷ್ಟೇ ಅವನ ಸಾಮ್ರಾಜ್ಯ. ಬಂಡಿಯೊಂದು ಹಳಿಯ ಮೇಲೆ ಸಿಕ್ಕಿಕೊಂಡರೆ ಅವನು ರೈಲು ಬರುವ ದಿಕ್ಕಿಗೆ ಓಡಿ, ಬ್ರಾಡ್ ಗೇಜಿನಲ್ಲಿ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಮೂರು ಡಿಟೋನೇಟರುಗಳನ್ನು ಹಳಿಗೆ ಕಟ್ಟಬೇಕು. ಚಕ್ರದಡಿಯಲ್ಲಿ ಅವು ಸಿಡಿದ ಸದ್ದಿಗೆ ಚಾಲಕನು ರೈಲನ್ನು ನಿಲ್ಲಿಸುತ್ತಾನೆ. ಇಂಥ ಕಟ್ಟುನಿಟ್ಟೆಲ್ಲ ಚಕ್ರವುಳ್ಳ ವಾಹನವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದದ್ದು. ಮುಚ್ಚಿದ ಗೇಟಿನ ಮುಂದೆ ಲಾರಿ ನಿಲ್ಲುತ್ತದೆ, ಬಸ್ಸು ನಿಲ್ಲುತ್ತದೆ. ನಡೆದು ಬಂದವನು ಬಗ್ಗಿ ನುಸುಳುತ್ತಾನೆ, ಸೈಕಲ್ಲಿನವನು ಸೈಕಲ್ಲನ್ನು ಓರೆಮಾಡಿ ಅಡ್ಡಕಂಬದಡಿ ತೂರಿಸುತ್ತಾನೆ.

ಸೈಕಲ್ಲಿನವನಿಗೆ ತೆರೆದ ಗೇಟೂ ನಿರಪಾಯವಲ್ಲ. ಚಕ್ರದ ಅಂಚು ಹಾಯಲೆಂದು ಹಳಿಯ ಒಳಮಗ್ಗುಲಿನಲ್ಲಿ ಬಿಟ್ಟಿರುವ ಸಂದು ಬ್ರಾಡ್ ಗೇಜಿನಲ್ಲಿ 51ರಿಂದ 57 ಮಿಲಿಮೀಟರ್, ಎಂದರೆ ಎರಡು ಅಂಗುಲಕ್ಕೂ ತುಸು ಮಿಕ್ಕಿದ್ದು. ನಮ್ಮ ಊರುಗಳಲ್ಲಿ ಬಹುಕಾಲ ಓಡಿದ ಕಪ್ಪು ಸೈಕಲ್ಲಿನ ಟೈರಿನ ಅಗಲ ಒಂದೂವರೆ ಅಂಗುಲ. ರಸ್ತೆಯು ಹಳಿಯನ್ನು ಲಂಬವಾಗಿ ದಾಟಿದರೆ ಚಕ್ರ ಸಂದನ್ನು ಹಾರಿ ಹೋಗುತ್ತದೆ. ಓರೆಯಾಗಿ ದಾಟಿದಷ್ಟೂ ಚಕ್ರ ಸಂದಿಗಿಳಿದು ಸವಾರನು ಉರುಳುವ ಭಯ ಹೆಚ್ಚು. ಓರೆದಾರಿಯ ಗೇಟುಗಳಲ್ಲಿ ಅನುಭವಸ್ಥರು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದು ಇದರಿಂದಲೇ.

ಎಲ್ಲಿ ಗೇಟು, ಎಲ್ಲಿ ಸೇತುವೆ ಎಂದು ನಿರ್ಣಯಿಸಲು ನಮ್ಮ ರೈಲ್ವೆಯಲ್ಲಿ ಒಂದು ಗಣಿತವಿದೆ: ದಿನವೊಂದರಲ್ಲಿ ಹಾಯುವ ರೈಲುಗಳ ಸಂಖ್ಯೆಯನ್ನು ರಸ್ತೆಯ ವಾಹನಗಳ ಮಾನದಿಂದ ಗುಣಿಸುತ್ತಾರೆ. ಮೋಟಾರಿಗೂ ಎತ್ತಿನ ಗಾಡಿಗೂ ಟಾಂಗಾಕ್ಕೂ ಒಂದೊಂದು, ಸೈಕಲ್ ರಿಕ್ಷಾಕ್ಕೆ ಅರ್ಧ. ನಡೆಯುವವನಿಗೆ ಅಂಕವೇ ಇಲ್ಲ. ಗುಣಲಬ್ಧ ಒಂದು ಲಕ್ಷವನ್ನು ಮುಟ್ಟಿದರೆ ಮೇಲ್ಸೇತುವೆಯ ವೆಚ್ಚವನ್ನು ರೈಲ್ವೆಯೂ ರಾಜ್ಯವೂ ಹಂಚಿಕೊಳ್ಳುವುದು ಬಹುಕಾಲದ ಪದ್ಧತಿ. ಗೇಟುಗಳ ವರ್ಗೀಕರಣದಲ್ಲಿಯೂ ಕೊನೆಯ ‘ಡಿ’ ವರ್ಗವು ದನಕರುಗಳು ದಾಟುವ ಹಾದಿಗಳಿಗೆ ಮೀಸಲು. ಒಂದೇ ಹಳಿಯನ್ನು ನಿತ್ಯ ಸಾವಿರ ಮಕ್ಕಳು ದಾಟಿ ಶಾಲೆಗೆ ಹೋದರೂ, ಈ ಲೆಕ್ಕದ ಪ್ರಕಾರ ಅಲ್ಲಿ ಸಂಚಾರವೇ ಇಲ್ಲವೆಂದು ಅರ್ಥವಾಗುತ್ತದೆ.

ಪಾದಚಾರಿಗಾಗಿಯೇ ಕಟ್ಟಿದ ಮೇಲ್ಸೇತುವೆಗಳೂ ಇಲ್ಲದಿಲ್ಲ. ಆದರೆ ವಿದ್ಯುತ್ ತಂತಿಯುಳ್ಳ ಮಾರ್ಗದಲ್ಲಿ ಸೇತುವೆಯ ಅಡಿಭಾಗ ಹಳಿಯಿಂದ ಆರು ಮೀಟರಿಗೂ ಮಿಕ್ಕ ಎತ್ತರದಲ್ಲಿರಬೇಕಾದುದರಿಂದ, ದಾಟುವವನು ನಲವತ್ತಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಅಷ್ಟನ್ನೇ ಇಳಿಯಬೇಕು. ತಲೆಯ ಮೇಲೆ ಹೊರೆಯಿರುವ ಮುದುಕಿಗೂ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿದವನಿಗೂ ಅದು ಇದ್ದೂ ಇಲ್ಲದಂತೆ. ಹಳಿಯ ಕೆಳಗಿನ ದಾರಿಗಾದರೋ ಮನುಷ್ಯನ ಎತ್ತರಕ್ಕಿಂತ ತುಸು ಹೆಚ್ಚು ಸಾಕು. ಇಳಿಜಾರಿನಲ್ಲಿ ಗಳಿಸಿದ ವೇಗವೇ ಸೈಕಲ್ಲನ್ನು ಆಚೆಯ ಏರಿಗೆ ತಳ್ಳುತ್ತದೆ. ಆದರೆ ಮಳೆಗಾಲದ ನೀರಿಗೆ ದಾರಿ ಮಾಡದೆ ತೋಡಿದ ಕೆಳಸೇತುವೆಯು ನಡೆಯುವವನಿಗೆ ಬೇಕಾದ ದಿನವೇ ಹೊಂಡವಾಗಿರುತ್ತದೆ. ಮೂರನೆಯ ಉಪಾಯವೂ ಒಂದುಂಟು. ನ್ಯೂಯಾರ್ಕಿನ ಹತ್ತನೆಯ ಅವೆನ್ಯೂದಲ್ಲಿ ಸರಕು ರೈಲುಗಳು ಬೀದಿಯ ನಡುವೆಯೇ ಓಡುತ್ತಿದ್ದಾಗ ಜನ ಅದನ್ನು ಮೃತ್ಯುವೀಥಿಯೆಂದು ಕರೆದರು. ರೈಲಿನ ಮುಂದೆ ಕುದುರೆಯೇರಿ ಕೆಂಪು ಬಾವುಟ ಬೀಸುವ ಸವಾರರು 1941ರವರೆಗೂ ಇದ್ದರು. ಅಲ್ಲಿ ಮನುಷ್ಯನನ್ನು ಹತ್ತಿಸದೆ ರೈಲನ್ನೇ 1934ರಲ್ಲಿ ಕಂಬಗಳ ಮೇಲೇರಿಸಿದರು. ಅಪಾರ ವೆಚ್ಚದ ಕೆಲಸವದು; ಆದರೂ ಬೀದಿಯು ಅದನ್ನು ಬಳಸುವವರಿಗೆ ಮರಳಿತು.

ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ಸುರಕ್ಷತಾ ಸಮಿತಿಯು 2012ರಲ್ಲಿ, ಹಳಿಗಳನ್ನು ದಾಟುವಾಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಿದ್ದಾರೆಂದೂ, ಅವರಲ್ಲಿ ಸುಮಾರು 6,000 ಮಂದಿ ಮುಂಬಯಿಯ ಉಪನಗರ ಮಾರ್ಗಗಳಲ್ಲಿಯೇ ಸಾಯುತ್ತಾರೆಂದೂ ವರದಿ ಮಾಡಿ, ಐದು ವರ್ಷಗಳಲ್ಲಿ ಎಲ್ಲ ಗೇಟುಗಳನ್ನೂ ತೆಗೆದು ಸೇತುವೆಗಳನ್ನು ಕಟ್ಟಬೇಕೆಂದು ಸಲಹೆಯಿತ್ತಿತು. ಬ್ರಾಡ್ ಗೇಜಿನಲ್ಲಿದ್ದ ಕಾವಲಿಲ್ಲದ ಗೇಟುಗಳು 2019ರ ಜನವರಿಯ ಕೊನೆಗೆ ಮುಗಿದುವು; ಇದು ನಿಜವಾಗಿಯೂ ಶ್ಲಾಘ್ಯವಾದ ಕಾರ್ಯ. ಆದರೆ ಗೇಟನ್ನು ಮುಚ್ಚಿ ದೂರದಲ್ಲೊಂದು ವಾಹನಸೇತುವೆಯನ್ನು ಕಟ್ಟಿದಾಗ ಮೋಟಾರಿಗೆ ಎರಡು ನಿಮಿಷದ ಸುತ್ತು, ನಡೆಯುವವನಿಗೆ ಅರ್ಧ ಗಂಟೆಯದು. ಆ ಅರ್ಧ ಗಂಟೆಯನ್ನು ಉಳಿಸಿಕೊಳ್ಳಲು ಅವನು ಹಳೆಯ ಜಾಡನ್ನೇ ಹಿಡಿದು ಅತಿಕ್ರಮಿಗಳ ಲೆಕ್ಕಕ್ಕೆ ಸೇರುತ್ತಾನೆ. ದಂಡದ ಭಯದಿಂದ ಈ ನಡೆಯನ್ನು ತಡೆಯಬಹುದೆಂಬ ನಂಬಿಕೆಯನ್ನು 1890ರಿಂದ ಇಂದಿನವರೆಗಿನ ಅನುಭವ ಪುಷ್ಟೀಕರಿಸುವುದಿಲ್ಲ. ಜನರ ಕಾಲು ಸಹಜವಾಗಿ ಹಿಡಿಯುವ ನೇರದಲ್ಲಿ, ಸೈಕಲ್ಲನ್ನು ಹೊರದೆ ತಳ್ಳಿಕೊಂಡು ಹೋಗುವಂತೆ, ನೀರು ನಿಲ್ಲದಂತೆ, ದೀಪವಿರುವಂತೆ ಕಟ್ಟಿದ ಕಿರಿದಾದ ಕೆಳದಾರಿಯೊಂದು ಎಷ್ಟೋ ಎಚ್ಚರಿಕೆಯ ಫಲಕಗಳ ಕೆಲಸವನ್ನು ತಾನೊಂದೇ ಮಾಡಬಲ್ಲದು. ಅದನ್ನು ಕಟ್ಟಬೇಕಾದರೆ ಮೊದಲು ಆ ಗುಣಾಕಾರದ ಪಟ್ಟಿಯಲ್ಲಿ ನಡೆಯುವವನಿಗೂ ಒಂದು ಅಂಕವನ್ನು ಕೊಡಬೇಕು.