ಮಾಚಿಕಬ್ಬೆಯ ಒಂದು ತಿಂಗಳು

ಶ್ರವಣಬೆಳಗೊಳಕ್ಕೆ ಹೋದವರು ಬಹುಮಟ್ಟಿಗೆ ದೊಡ್ಡ ಬೆಟ್ಟವನ್ನೇರಿ, ಗೊಮ್ಮಟೇಶ್ವರನ ದರ್ಶನ ಮಾಡಿಕೊಂಡು ಹಿಂದಿರುಗುವರು. ಎದುರಿಗಿರುವ ಚಿಕ್ಕಬೆಟ್ಟಕ್ಕೆ, ಎಂದರೆ ಚಂದ್ರಗಿರಿಗೆ, ಹೋಗುವವರು ಕಡಮೆ. ಚರಿತ್ರೆಯನ್ನು ಓದುವವರಿಗಾದರೋ ಚಿಕ್ಕಬೆಟ್ಟವೇ ದೊಡ್ಡದು. ರೈಸ್ ಸಾಹೇಬರು 1889ರಲ್ಲಿ ಈ ಕ್ಷೇತ್ರದ 144 ಶಾಸನಗಳನ್ನು ಅಚ್ಚು ಮಾಡಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಆ ಸಂಪುಟವನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು; 1973ರ ಆವೃತ್ತಿಯಲ್ಲಿ ಅದು 573. ಚಿಕ್ಕಬೆಟ್ಟದ ಅತ್ಯಂತ ಹಳೆಯ ಬರಹಗಳಲ್ಲಿ ಯುದ್ಧದ ಮಾತು ವಿರಳ, ಮರಣದ ಮಾತೇ ಹೆಚ್ಚು. ಇಂಥವರು ಸತ್ತರು ಎಂದು ಹೇಳಿ ಅವು ಸುಮ್ಮನಾಗುವುದಿಲ್ಲ. ಯಾವ ಮನಸ್ಸಿನಿಂದ ಸತ್ತರು ಎಂಬುದನ್ನೂ ಹೇಳುತ್ತವೆ.

ಈಗಿನ ನಮ್ಮ ಮಾತಿನಲ್ಲಿ ಸಮಾಧಿಯೆಂದರೆ ಹೂಳಿದ ಜಾಗ. ಆ ಬಂಡೆಗಳ ಕನ್ನಡದಲ್ಲಿ ಸಮಾಧಿಯೆಂದರೆ ಚಿತ್ತದ ನೆಲೆ. ಅನ್ನವನ್ನು ಬಿಡುವುದು ಹೊರಗಿನ ವಿಧಿ, ಕೊನೆಯ ಗಳಿಗೆಯವರೆಗೆ ಮನಸ್ಸನ್ನು ಕಾಯುವುದು ಒಳಗಿನ ವಿಧಿ, ಕಷ್ಟವೆಲ್ಲ ಎರಡನೆಯದರಲ್ಲಿಯೇ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಪ್ರೀತಿಪಾತ್ರರ ಮೇಲಣ ಅನುರಾಗ, ಅನುಭವಿಸಿದ ಸುಖದ ನೆನಪು, ಮುಂದಣ ಜನ್ಮಕ್ಕೆ ಫಲವನ್ನು ಬಯಸುವುದು: ಇವು ಆ ಐದು. ಐದೂ ಮನಸ್ಸಿನವೇ, ಕೈಕಾಲುಗಳದು ಒಂದೂ ಇಲ್ಲ. ಇವು ಒಳಗೆ ನುಸುಳದಂತೆ ನೋಡಿಕೊಳ್ಳುವುದು ಒಬ್ಬನಿಂದ ಆಗುವ ಕೆಲಸವಲ್ಲವೆಂದೇ, ಶಿವಾರ್ಯನ ಆರಾಧನಾ ಗ್ರಂಥವು ಒಬ್ಬ ಕ್ಷಪಕನ ಬಳಿಯಲ್ಲಿ 48 ಮಂದಿ ನಿರ್ಯಾಪಕರು ಇರತಕ್ಕದ್ದೆಂದು ಹೇಳುತ್ತದೆ. ಅವರಲ್ಲಿ ಕೆಲವರು ಧರ್ಮಕಥೆ ಹೇಳುವವರು, ಕೆಲವರು ಬಾಗಿಲು ಕಾಯುವವರು.

ಹೀಗಿರಲಾಗಿ ಮಾಚಿಕಬ್ಬೆಯ ಶಾಸನವನ್ನು ಓದುವಾಗ ನಮಗೆ ಒಂದು ತೊಡಕು ಎದುರಾಗುತ್ತದೆ.

ಮಾಚಿಕಬ್ಬೆಯು ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಾಯಿ. ಗಂಡ ಪೆರ್ಗಡೆ ಮಾರಸಿಂಗಯ್ಯ ಶೈವ, ಈಕೆ ಜಿನಭಕ್ತೆ, ಮಗಳೂ ತಾಯಿಯ ಮತವನ್ನೇ ಹಿಡಿದವಳು. 1131ರ ಚೈತ್ರ ಶುದ್ಧ ಪಂಚಮಿ ಸೋಮವಾರ ಶಾಂತಲೆಯು ಶಿವಗಂಗೆಯಲ್ಲಿ ಮುಡಿಪಿದಳು. ಬೆಟ್ಟದ ಮೇಲಿನಿಂದ ಹಾರಿಕೊಂಡಳೆಂದು ಜನರು ಹೇಳುವುದುಂಟು. ಕೋಡುಗಲ್ಲೊಂದನ್ನು ತೋರಿಸುವುದೂ ಉಂಟು. ಶಾಸನದಲ್ಲಿ ಅಂಥ ಮಾತಿಲ್ಲ. ಕಥೆಯ ಸೊಗಸಿಗಾಗಿ ಸತ್ತವರ ಮೇಲೆ ಇಂಥದನ್ನು ಹೊರಿಸುವುದು ನಮಗೆ ಹಿಡಿಸದು.

ತಾಯಿಯ ವಿಷಯದಲ್ಲಿ ಕಲ್ಲು ಸ್ಪಷ್ಟವಾಗಿಯೇ ಮಾತಾಡುತ್ತದೆ. ಮಗಳು ಹೋದಳು, ಇನ್ನು ನಾನಿರಲಾಗದು ಎಂದು ಆಕೆ ಬೆಳುಗೊಳಕ್ಕೆ ಬಂದು ಕಠಿನವಾದ ಸಂನ್ಯಸನವನ್ನು ಕೈಕೊಂಡಳೆಂದು ಒಂದು ಪದ್ಯ ಹೇಳುತ್ತದೆ. ಅರೆಮುಚ್ಚಿದ ಕಣ್ಣು, ಬಾಯಲ್ಲಿ ಪಂಚಪದ, ಜಿನೇಂದ್ರನ ಸ್ಮರಣೆ, ಬಂಧುಜನರನ್ನು ಬಿಟ್ಟ ರೀತಿ, ಒಂದು ತಿಂಗಳ ಉಪವಾಸ, ಭವ್ಯರೆಲ್ಲರ ಎದುರಿನಲ್ಲಿ ಸಮಾಧಿಯಿಂದ ಮರಣ, ಇವನ್ನು ಮತ್ತೊಂದು ಪದ್ಯ ಹೇಳುತ್ತದೆ. ಮೊದಲನೆಯದರಲ್ಲಿ ಇರುವುದು ದುಃಖ. ಎರಡನೆಯದರಲ್ಲಿ ಇರುವುದು ಶಾಂತಿ.

ಶಾಸ್ತ್ರದ ಕಣ್ಣಿನಿಂದ ನೋಡಿದರೆ ಮೊದಲನೆಯ ಪದ್ಯವು ಸುಲಭವಾದುದಲ್ಲ. ಸಮಂತಭದ್ರನ ರತ್ನಕರಂಡಕವು ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ಹೇಳುತ್ತದೆ. ಮಕ್ಕಳನ್ನು ಕಳೆದುಕೊಂಡ ದುಃಖ ಆ ಪಟ್ಟಿಯಲ್ಲಿಲ್ಲ. ಮಗಳಿಲ್ಲದೆ ಇರಲಾರೆನೆಂಬುದು ಅನುರಾಗವೆಂಬ ಅತಿಚಾರ. ಆದುದರಿಂದ ಸಾಯುವೆನೆಂಬುದು ಮರಣದ ಆಸೆಯೆಂಬ ಅತಿಚಾರ. ಮುಪ್ಪು ಬಂದಿದ್ದೀತು, ನಿಜ. ಆದರೆ ಶಾಸನಕಾರನು ಅದನ್ನು ಕಾರಣವಾಗಿ ಮುಂದಿಡಲಿಲ್ಲ. ಶಾಸ್ತ್ರ ಬಲ್ಲ ಆಚಾರ್ಯರು ಸುತ್ತ ಇದ್ದೂ ಆ ಮಾತನ್ನು ಕಲ್ಲಿನಿಂದ ತೆಗೆಯಲಿಲ್ಲ. ಅದು ಅವರ ಅಜಾಗ್ರತೆಯೆಂದು ನಾವು ಎಣಿಸೆವು. ಆಕೆ ದುಃಖದಿಂದ ಬಂದಳು, ಬಂದ ಮೇಲೆ ಆ ದುಃಖವನ್ನು ಕಾದುಕೊಂಡಳು; ಎರಡೂ ನಿಜವಾದುದರಿಂದ ಎರಡನ್ನೂ ಬರೆಯಿಸಿದರು.

ಆ ಒಂದು ತಿಂಗಳು ಒಳಗೆ ಏನು ನಡೆಯಿತೆಂದು ಹೇಳುವ ಆಕೆಯ ಸ್ವಂತ ಮಾತು ನಮಗೆ ಉಳಿದಿಲ್ಲ. ದುಃಖದ ಕಾಲದಲ್ಲಿ ಮನಸ್ಸಿಗೆ ಕಾವಲಿರಿಸುವ ಕಷ್ಟವನ್ನು ಒಳಗಿನಿಂದಲೇ ಬರೆದವರೊಬ್ಬರು ಕ್ರೈಸ್ತ ಮತದಲ್ಲಿ ಉಂಟು. ಅವರು ಸಂತ ಅಗಸ್ಟೀನರು. 387ರಲ್ಲಿ ರೋಮಿನ ಬಳಿಯ ಓಸ್ಟಿಯಾ ಎಂಬ ರೇವುಪಟ್ಟಣದಲ್ಲಿ ಅವರ ತಾಯಿ ಮೋನಿಕ ತೀರಿಕೊಂಡಳು. ಮಗನು ತಾಯಿಯ ಕಣ್ಣನ್ನು ಮುಚ್ಚಿದನು. ತನ್ನ ಕಣ್ಣಿಗೆ ಬಂದ ನೀರನ್ನು ಮನೋಬಲದಿಂದ ಹಿಂದಕ್ಕೆಳೆದನು. ಹುಡುಗ ಅಡಿಯೊಡೇಟಸ್ ಗೊಳೋ ಎಂದು ಅತ್ತುದಕ್ಕೆ ಹಿರಿಯರು ಅವನನ್ನು ಸುಮ್ಮನಾಗಿಸಿ ಕೀರ್ತನೆ ಹಾಡತೊಡಗಿದರು. ವಿಶ್ವಾಸದಲ್ಲಿ ತೀರಿಕೊಂಡವಳಿಗಾಗಿ ಗೋಳಿಡುವುದು ತಕ್ಕದ್ದಲ್ಲವೆಂದು ಅವರ ಮತ. ಮಗನು ಹೂಳುವಾಗಲೂ ಅಳಲಿಲ್ಲ. ಸ್ನಾನವು ವ್ಯಥೆಯನ್ನು ಕಳೆಯುವುದೆಂದು ಕೇಳಿದ್ದುದರಿಂದ ಸ್ನಾನಕ್ಕೂ ಹೋಗಿಬಂದನು, ಫಲವಾಗಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬನೇ ಇದ್ದಾಗ, ದೇವರ ಮುಂದೆ ಕಣ್ಣೀರನ್ನು ಹರಿಯಬಿಟ್ಟನು. ಸುಮಾರು ಹತ್ತು ವರ್ಷಗಳ ಮೇಲೆ ಅದನ್ನೆಲ್ಲ ಬರೆಯುತ್ತ, ಅರೆಗಳಿಗೆ ಅತ್ತುದನ್ನು ಪಾಪವೆಂದು ಎಣಿಸುವವರಿದ್ದರೆ ನಗದಿರಲಿ, ನನ್ನ ಪಾಪಗಳಿಗಾಗಿ ಅಳಲಿ, ಎಂಬರ್ಥದ ಮಾತು ಸೇರಿಸಿದರು.

ಎಲ್ಲ ಮತಗಳೂ ಒಂದೇ ಎಂದು ಇಲ್ಲಿಂದ ಅವಸರವಾಗಿ ಹೇಳಿಬಿಡುವುದು ತರವಲ್ಲ. ಅಗಸ್ಟೀನರ ಕಾವಲು ಮುರಿದಾಗ ಕ್ಷಮಿಸತಕ್ಕ ದೇವರೊಬ್ಬನು ಎದುರಿಗಿದ್ದನು. ಮಾಚಿಕಬ್ಬೆಯ ಧರ್ಮದಲ್ಲಿ ಜಿನನು ಸ್ಮರಣೆಗೆ ಉಂಟು, ಕ್ಷಮೆಗಿಲ್ಲ. ಭಾವವು ಜಾರಿದರೆ ಜಾರಿದ ಭಾವಕ್ಕೆ ಅದರ ಕರ್ಮ. ಆಕೆ ಅತ್ತಳೋ ಇಲ್ಲವೋ ಕಲ್ಲು ಹೇಳದು.

ಇನ್ನೊಂದು ಸಂಗತಿಯನ್ನು ಹೇಳಬೇಕು. ಅದೇ ಚಂದ್ರಗಿರಿಯ ಮೇಲೆ ಶಾಂತಲೆಯು 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಒಳಗೆ ಶಾಂತಿನಾಥನ ವಿಗ್ರಹ. ತಾಯಿಯು ಬೆಳುಗೊಳಕ್ಕೆ ಬಂದಾಗ ಆ ಬಸದಿಗೆ ಎಂಟು ವರ್ಷ. ಅನುರಾಗವನ್ನು ಬಿಡಬೇಕೆಂದು ಬಂದ ಕ್ಷೇತ್ರದಲ್ಲಿಯೇ ಮಗಳ ಬಿರುದನ್ನು ಹೊತ್ತ ಕಟ್ಟಡವು ನಿಂತಿತ್ತು. ಅರೆಮುಚ್ಚಿದ ಕಣ್ಣುಗಳ ಮಾತನ್ನು ಶಾಸನಕಾರನು ಬಂಧುಜನರನ್ನು ಬಿಟ್ಟ ಮಾತಿಗಿಂತ ಮುಂಚೆಯೇ ಇಟ್ಟಿದ್ದಾನೆ.