ಜೋನಿ ಬೆಲ್ಲ, ಹಾಲು, ಎಣ್ಣೆ: ಲೀಟರ್ ಅಳತೆಯನ್ನು ತೂಕಕ್ಕೆ ಪರಿವರ್ತಿಸುವ ವಿಧಾನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆಯಾಗಿದೆ. ಜೋನಿ ಬೆಲ್ಲವನ್ನು (ಕಾಕವಿ) ಮಾರಾಟ ಮಾಡುವ ಅಥವಾ ಅದನ್ನು ಬಳಸಿ ಸಿರಿಧಾನ್ಯದ ಬಿಸ್ಕತ್ತು, ಕೇಕ್ ತಯಾರಿಸುವ ರೈತರು ಹಾಗೂ ಸ್ವಸಹಾಯ ಗುಂಪುಗಳು ಒಂದು ಲೀಟರನ್ನು ಒಂದು ಕಿಲೋಗ್ರಾಂ ಎಂದು ಪರಿಗಣಿಸಬಾರದು.

ಸೂತ್ರ: ತೂಕ (ಕಿ.ಗ್ರಾಂ) = ಅಳತೆ (ಲೀಟರ್) × ಸಾಂದ್ರತೆ

ಒಂದು ಲೀಟರಿನ ಅಂದಾಜು ತೂಕ (ಕಿ.ಗ್ರಾಂ)
• ನೀರು: 1.00
• ಹಾಲು: 1.03
• ಶೇಂಗಾ ಎಣ್ಣೆ: 0.91
• ಜೋನಿ ಬೆಲ್ಲ (70 ಬ್ರಿಕ್ಸ್): 1.35
• ಜೇನುತುಪ್ಪ: 1.40

ಬೇಕರಿ ತಯಾರಿಕೆಯಲ್ಲಿ: 250 ಗ್ರಾಂ ಜೋನಿ ಬೆಲ್ಲಕ್ಕೆ ಸುಮಾರು 185 ಮಿ.ಲೀ. ಸಾಕು. 250 ಮಿ.ಲೀ. ಹಾಕಿದರೆ ಸುಮಾರು 88 ಗ್ರಾಂ ಹೆಚ್ಚಾಗಿ, ಹಿಟ್ಟು ಅಂಟಾಗುತ್ತದೆ ಹಾಗೂ ಬಿಸ್ಕತ್ತು ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಮಾರಾಟದಲ್ಲಿ: 20 ಲೀಟರ್ ಜೋನಿ ಬೆಲ್ಲದ ತೂಕ ಸುಮಾರು 27 ಕಿ.ಗ್ರಾಂ. ಅದನ್ನು 20 ಕಿ.ಗ್ರಾಂ ಎಂದು ಲೆಕ್ಕ ಹಾಕಿದರೆ ಉತ್ಪಾದಕರಿಗೆ 7 ಕಿ.ಗ್ರಾಂ ಬೆಲೆ ನಷ್ಟವಾಗುತ್ತದೆ.

ಪಾಕದ ಹದಕ್ಕೆ ತಕ್ಕಂತೆ ಜೋನಿ ಬೆಲ್ಲದ ಸಾಂದ್ರತೆ ಬದಲಾಗುವುದರಿಂದ ಪ್ರತಿ ಅಡಿಗೆಯನ್ನೂ ಪರೀಕ್ಷಿಸಬೇಕು:
1. ಖಾಲಿ ಲೀಟರ್ ಮಾಪಕವನ್ನು ತೂಗಿ, ತೂಕವನ್ನು ಬರೆದಿಡಬೇಕು.
2. ಬೆಲ್ಲ ಪೂರ್ಣ ತಣಿದ ನಂತರ, ನೊರೆ ತೆಗೆದು, ಮಾಪಕವನ್ನು ಗೆರೆಯವರೆಗೆ ತುಂಬಬೇಕು. ಬಿಸಿ ಪಾಕ ಹಿಗ್ಗಿರುವುದರಿಂದ ಅಳತೆ ತಪ್ಪುತ್ತದೆ.
3. ಪುನಃ ತೂಗಿ, ಖಾಲಿ ಮಾಪಕದ ತೂಕವನ್ನು ಕಳೆಯಬೇಕು. ಉಳಿದದ್ದೇ ಆ ಅಡಿಗೆಯ ಸಾಂದ್ರತೆ.

ವಿದ್ಯುನ್ಮಾನ ತಕ್ಕಡಿ ಲಭ್ಯವಿದ್ದಲ್ಲಿ ದ್ರವ ಪದಾರ್ಥಗಳನ್ನು ನೇರವಾಗಿ ತೂಗಿ ಬಳಸುವುದೇ ಸೂಕ್ತ.